ಸಿಗ್ನೇಚರ್ ಟ್ಯೂನ್ ಇಲ್ಲದ ಪಾಠ

ಹೋದ ತಿಂಗಳು ಅಮೆರಿಕದ ಕ್ಯಾರಿ ಊರಿನಲ್ಲಿ ಗೆಳತಿಯ ಮನೆಯ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದೆ. ಶ್ರಾವ್ಯ ಎಂಬ ಹುಡುಗಿ ಹತ್ತಿರ ಬಂದಳು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಯೊಂದರ ಒಳ್ಳೆಯ ಕೆಲಸ ಬಿಟ್ಟು, ವಾಷಿಂಗ್ಟನ್ನಿನಲ್ಲಿ ಮಾನವ ಹಕ್ಕುಗಳ ಸಂಸ್ಥೆಯೊಂದಕ್ಕೆ ಸೇರುತ್ತಿದ್ದಾಳಂತೆ.

"ಆಂಟಿ, ನೀವು ಅಫ್ಘಾನಿಸ್ತಾನದ ಪ್ರಾಜೆಕ್ಟಲ್ಲಿ ವರ್ಕ್ ಮಾಡ್ತಿದ್ರಂತಲ್ಲ? ಹೇಗಿರತ್ತೆ ಆ ಫೀಲ್ಡು? ತುಂಬಾ ಸ್ಯಾಟಿಸ್‌ಫೈಯಿಂಗ್ ಅಲ್ವಾ?"

ಏನು ಹೇಳಲಿ? "ಮೊದ್ಲು ಊಟ ಮಾಡು. ನಿಧಾನವಾಗಿ ಬರೆದು ಕಳಿಸ್ತೀನಿ" ಅಂದೆ. ಅವಳು ಮರೆತಿರಬಹುದು. ನಾನು ಮರೆತಿಲ್ಲ. ನಿವೃತ್ತಳಾದವಳಿಗೆ ಇದಕ್ಕಿಂತ ದೊಡ್ಡ ಕೆಲಸವಾದರೂ ಏನಿದೆ?

ಬಡ್ತಿ, ಗೋಡೆಗೆ ಹಾಕುವ ಫಲಕ, ಭಾಷಣದಲ್ಲಿ ನನ್ನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಕೊಂದದ್ದು, ಅವನ್ನೆಲ್ಲ ಬಿಡುತ್ತೇನೆ. ಕೆಲಸದಲ್ಲಿ ನಿಜವಾಗಿ ಏನು ನಡೆಯಿತೋ ಅದನ್ನಷ್ಟೇ ಬರೆಯುತ್ತೇನೆ.

ನಾನು ರೇಡಿಯೊ ಕಲಿತದ್ದು ಮೈಸೂರಿನ ಆಕಾಶವಾಣಿಯಲ್ಲಿ, ಮದುವೆಗೆ ಮುಂಚೆ. ಶ್ರೀಕಂಠಯ್ಯ ಅಂತ ಹಿರಿಯರೊಬ್ಬರು ನಮಗೆ ಗುರುಗಳು. ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ನಶ್ಯದ ಡಬ್ಬಿ, ಬಾಯಿ ತೆರೆದರೆ ಬೈಗುಳ. ಒಂದು ಸಲ ನಾನು ಟೇಪು ಸಿಕ್ಕಿಸುವುದರಲ್ಲಿ ತಡಮಾಡಿ, ಪ್ರಸಾರದಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಓಡಿ ಬಂದರು. "ಏನಮ್ಮಾ, ಸತ್ತು ಹೋದ್ವಾ ನಾವು? ರೇಡಿಯೊದಲ್ಲಿ ಮೌನ ಅಂದ್ರೆ ಸಾವು. ತಿಳೀತಾ? ಏನೂ ಇಲ್ದಿದ್ರೆ ವೀಣೆ ಹಾಕು, ಕೊಳಲು ಹಾಕು, ಸುಮ್ನೆ ಮಾತ್ರ ಬಿಡಬೇಡ" ಅಂದರು. ಅವರ ಇನ್ನೊಂದು ನಿಯಮ, ಮತ್ತೆ ಯಾವಾಗ ಬರುತ್ತೇವೆಂದು ಹೇಳದೆ ಕೇಳುಗರನ್ನು ಬಿಟ್ಟು ಹೋಗಬಾರದು ಎನ್ನುವುದು. ಈ ಎರಡನ್ನೂ ಗಂಟು ಹಾಕಿಕೊಂಡು ನಾನು ಅಮೆರಿಕಕ್ಕೆ ಬಂದೆ. ವಾಷಿಂಗ್ಟನ್ ಸುತ್ತಮುತ್ತ ಅದೂ ಇದೂ ಸ್ಟುಡಿಯೊಗಳಲ್ಲಿ ಧ್ವನಿ ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತ ವಯಸ್ಸು ಕಳೆದೆ.

ಕೊನೆಯ ಕೆಲಸ ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ. ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಚಿಕ್ಕ ಸಂಸ್ಥೆ. ಹೊರದೇಶಗಳ ಶಿಕ್ಷಕರ ಸಂಘ, ಮಹಿಳಾ ಮಂಡಳಿ, ವಕೀಲರ ಗುಂಪು, ಇಂಥವರಿಗೆ ರೇಡಿಯೊ ಕಾರ್ಯಕ್ರಮ ಮಾಡಿಕೊಡುತ್ತಿದ್ದೆವು. ಊರ ಸಭೆ ನಡೆಸುವುದು ಹೇಗೆ, ಅರ್ಜಿ ಬರೆಯುವುದು ಹೇಗೆ, ಮತ ಎಣಿಸುವಾಗ ಯಾರು ಯಾರು ಕೂತು ನೋಡಬಹುದು, ಇಂಥ ವಿಷಯ. ಕೊರೊನಾ ಕಾಲದಲ್ಲಿ ನಾವೆಲ್ಲ ಬಟ್ಟೆಯ ಕಪಾಟಿನೊಳಗೆ ಕೂತು ರೆಕಾರ್ಡ್ ಮಾಡಿದೆವು. ಮತ್ತೆ ಆಫೀಸಿಗೆ ಮರಳುವ ಹೊತ್ತಿಗೆ ಕಾಬೂಲ್ ತಾಲಿಬಾನಿನ ಕೈಗೆ ಹೋಯಿತು.

ಶ್ರಾವ್ಯ, ಒಂದು ದೇಶದಲ್ಲಿ ಪ್ರಜಾಪ್ರಭುತ್ವ ಹೋಗುವಾಗ ಢಮಾರ್ ಅಂತ ಸದ್ದಾಗುತ್ತದೆ ಅಂದುಕೊಂಡಿದ್ದೀಯಾ? ನಮ್ಮ ಕಾರ್ಯಕ್ರಮ ಹಾಕುತ್ತಿದ್ದ ಅಲ್ಲಿನ ಒಂದು ಎಫ್‌ಎಂ ಕೇಂದ್ರದ ಮ್ಯಾನೇಜರ್ ಆಗಾಗ ಫೋನ್ ಮಾಡುತ್ತಿದ್ದರು. ಮೊದಲ ಸಲ, ಸಂಗೀತ ನಿಲ್ಲಿಸಿ ಅಂದಿದ್ದಾರೆ, ನಿಲ್ಲಿಸಿದ್ದೇವೆ ಅಂದರು. ಆಮೇಲೆ ವಾರ್ತೆ ಓದುವ ಹೆಂಗಸರನ್ನು ಮನೆಗೆ ಕಳಿಸಿದರು. ಆಮೇಲೆ ಫೋನ್ ಮಾಡಿ ಪ್ರಶ್ನೆ ಕೇಳುವ ಹೆಂಗಸರ ದನಿಯೂ ಬೇಡವಾಯಿತು. ಪ್ರತಿ ಸಲವೂ ಅವರು, "ಇದೊಂದಕ್ಕೆ ಒಪ್ಪಿದ್ರೆ ಸ್ಟೇಷನ್ ಉಳಿಯತ್ತೆ" ಅನ್ನುತ್ತಿದ್ದರು. ಕೊನೆಯ ಸಲ ಮಾತಾಡಿದಾಗ, "ಸ್ಟೇಷನ್ ಉಳಿದಿದೆ ಮೇಡಂ, ಹಾಕೋದಕ್ಕೆ ಏನೂ ಉಳಿದಿಲ್ಲ" ಅಂದರು. ಒಳ್ಳೆಯ ಮನುಷ್ಯ. ಆಮೇಲೆ ಅವರ ಫೋನ್ ಬರಲೇ ಇಲ್ಲ.

ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮೇಲೆ ಶಾಲೆಯಿಲ್ಲ ಎಂದಾದಾಗ ನಮ್ಮ ಡೈರೆಕ್ಟರ್ ಗ್ರೆಗ್ ಎಲ್ಲರನ್ನೂ ಕೂರಿಸಿ, ಏನು ಮಾಡೋಣ ಎಂದು ಕೇಳಿದ. ನಾನು ಶಾರ್ಟ್‌ವೇವ್ ಅಂದೆ, ದೇಶದಿಂದ ದೇಶಕ್ಕೆ ಹೋಗುವ ಹಳೆಯ ಕಾಲದ ರೇಡಿಯೊ ಅಲೆ. ಕಿರಿಯರು ನಕ್ಕರು, ಅಜ್ಜಿ ಒರಳುಕಲ್ಲು ತಂದಳು ಅನ್ನುವಂತೆ. ಆದರೆ ಶಾರ್ಟ್‌ವೇವ್‌ಗೆ ಅಲ್ಲಿನ ಸರ್ಕಾರದ ಅಪ್ಪಣೆ ಬೇಡ, ಇಂಟರ್‌ನೆಟ್ ಬೇಡ, ಯಾರು ಕೇಳಿದರು ಎಂಬ ಗುರುತೂ ಉಳಿಯುವುದಿಲ್ಲ. ಬೇರೊಂದು ದೇಶದ ಟ್ರಾನ್ಸ್‌ಮಿಟರ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಬಾಡಿಗೆಗೆ ಹಿಡಿದೆವು. ಅಲ್ಲಿನ ಮಧ್ಯಾಹ್ನ ಅಂದರೆ ನಮಗೆ ಬೆಳಗಿನ ಕಾಫಿಯ ಹೊತ್ತು. ಗಣಿತ, ವಿಜ್ಞಾನ, ವಾರಕ್ಕೊಮ್ಮೆ ಪೌರನೀತಿ.

ಪಾಠ ಹೇಳುವವಳು ನಸೀಮಾ. ಕಾಬೂಲಿನಲ್ಲಿ ಶಿಕ್ಷಕಿಯರಿಗೆ ತರಬೇತಿ ಕೊಡುತ್ತಿದ್ದವಳು, ಕೊನೆಯ ವಿಮಾನಗಳಲ್ಲೊಂದರಲ್ಲಿ ಹೊರಬಿದ್ದವಳು. ಬಾಲ್ಯದಲ್ಲಿ ಪೇಶಾವರದಲ್ಲಿ ನಿರಾಶ್ರಿತಳಾಗಿ ಬೆಳೆದದ್ದರಿಂದ ಉರ್ದು ನೀರು ಕುಡಿದಂತೆ ಮಾತಾಡುತ್ತಿದ್ದಳು. ನನ್ನದು ಮೈಸೂರು ಹಿಂದಿ, ಅದರಲ್ಲಿ ಯಾವ ಲಿಂಗ ಯಾವ ವಚನ ದೇವರಿಗೇ ಗೊತ್ತು. ಆದರೂ ನಮ್ಮಿಬ್ಬರಿಗೂ ಅದೇ ಸೇತುವೆ. ನನ್ನನ್ನು ಖಾಲಾ ಎಂದು ಕರೆಯುತ್ತಿದ್ದಳು, ಚಿಕ್ಕಮ್ಮ ಅನ್ನುವ ಹಾಗೆ. ಅವಳ ತಂಗಿ ಜರ್ಮೀನಾ ಅಲ್ಲೇ ಉಳಿದಿದ್ದಳು. ಊರಿನ ಹೆಸರು ಬೇಡ. ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಬೀದಿಯ ಹೆಣ್ಣುಮಕ್ಕಳನ್ನು ಸೇರಿಸಿ, ರೇಡಿಯೊ ನಡುವೆ ಇಟ್ಟು, ಅಕ್ಕನ ಪಾಠ ಕೇಳಿಸುತ್ತಿದ್ದಳು. ಆಮೇಲೆ ಅಕ್ಕನಿಗೆ ಫೋನಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿ, ತನ್ನ ಫೋನಿನಿಂದ ತಕ್ಷಣ ಅಳಿಸಿಬಿಡುತ್ತಿದ್ದಳು. ನಮ್ಮ ಸಂಸ್ಥೆಗೆ ಕೇಳುಗರು ಸಾಕಷ್ಟಿದ್ದರು ನಿಜ, ಆದರೆ ಸ್ಟುಡಿಯೊದೊಳಗೆ ನಮ್ಮಿಬ್ಬರಿಗೆ ಇದ್ದ ಕಿವಿ ಅದೊಂದೇ ಕೋಣೆಯದು.

ಶುರುವಿನ ದಿನಗಳಲ್ಲಿ ನಡೆದ ಒಂದು ಎಡವಟ್ಟು ಹೇಳಬೇಕು. ಮೈಕಿನ ಮಟ್ಟ ನೋಡುವಾಗ ನಾನು ಮೈಸೂರಿನ ಅಭ್ಯಾಸದಂತೆ ಕನ್ನಡದಲ್ಲೇ ಎಣಿಸುತ್ತೇನೆ. ಒಂದು, ಎರಡು, ಮೂರು ಅಂತ ಏಳರವರೆಗೆ ಹೋದೆ, ಮಟ್ಟ ಸರಿಹೋಯಿತು, ನಿಲ್ಲಿಸಿದೆ. ಆ ಪರೀಕ್ಷೆಯ ತುಣುಕು ಪಾಠದ ಜಾಗದಲ್ಲಿ ಹೋಗಿ ಕೂತು, ಇಡೀ ಅಫ್ಘಾನಿಸ್ತಾನಕ್ಕೆ ಪ್ರಸಾರವಾಯಿತು. ಉಳಿದ ಹೊತ್ತು ಪೂರ್ತಿ ಮೌನ. ಗ್ರೆಗ್ ಕೆಂಡವಾದ. ನಾನು ಮುಖ ಮುಚ್ಚಿಕೊಂಡು ಕೂತಿದ್ದೆ. ಆಗ ಜರ್ಮೀನಾಳ ಸಂದೇಶ ಬಂತು. ಹುಡುಗಿಯರು ಇದು ಯಾವ ಭಾಷೆ, ಯಾವ ಪಾಠ ಎಂದು ತಲೆಕೆಡಿಸಿಕೊಂಡು, ಕೊನೆಗೆ ಟೀಚರ್ ಹೇಳಿದ ಮೇಲೆ ಕಲಿಯಲೇಬೇಕಲ್ಲ ಎಂದು ಬಾಯಿಪಾಠ ಮಾಡಿದರಂತೆ. ಹಿನ್ನೆಲೆಯಲ್ಲಿ ಅವರೆಲ್ಲ ಒಟ್ಟಾಗಿ "ಒಂದೂ, ಎರದೂ, ಮೂರೂ" ಅನ್ನುತ್ತಿದ್ದರು. ನಸೀಮಾ ನಗುವುದನ್ನು ನಾನು ಮೊದಲು ನೋಡಿದ್ದು ಆ ದಿನ. "ಖಾಲಾ, ಇನ್ಮೇಲೆ ಕನ್ನಡದ ಪೀರಿಯಡ್ಡೂ ಇಟ್ಟುಬಿಡೋಣ" ಅಂತ ತಿಂಗಳುಗಟ್ಟಲೆ ಕಾಲೆಳೆದಳು.

ಈಗ ಸಿಗ್ನೇಚರ್ ಟ್ಯೂನ್ ವಿಷಯ. ಕಾರ್ಯಕ್ರಮದ ಮೊದಲಿಗೆ ದಿನಾ ಬರುವ ಆ ರಾಗ ರೇಡಿಯೊದವರಿಗೆ ಹಣೆಯ ಕುಂಕುಮ. ಗ್ರೆಗ್ ವರ್ಜೀನಿಯಾದಲ್ಲೇ ಇದ್ದ ಒಬ್ಬ ಅಫ್ಘಾನ್ ಕಲಾವಿದನ ಕೈಲಿ ರುಬಾಬ್ ಎಂಬ ತಂತಿವಾದ್ಯದಲ್ಲಿ ಪುಟ್ಟ ರಾಗ ನುಡಿಸಿ ರೆಕಾರ್ಡ್ ಮಾಡಿದ. ಒಂದು ಸಲ ಕೇಳಿದರೆ ದಿನವಿಡೀ ತಲೆಯಲ್ಲಿ ಸುತ್ತುವಂಥದ್ದು. ನಮಗೆಲ್ಲ ಬಲು ಹೆಮ್ಮೆ. ನಮ್ಮ ಕಾರ್ಯಕ್ರಮವನ್ನು ಅಳೆಯಲು ಅಟ್ಲಾಂಟಾದಿಂದ ಬಂದ ಮೌಲ್ಯಮಾಪಕಿ ಕೇಳುಗರನ್ನು ಕೇಳಬೇಕೆಂದಿದ್ದ ಮೊದಲ ಪ್ರಶ್ನೆಯೇ, ನಿಮಗೆ ಈ ರಾಗದ ಗುರುತು ಹತ್ತುತ್ತದೆಯೇ ಎಂದು. ಹತ್ತಿತು. ಚೆನ್ನಾಗಿಯೇ ಹತ್ತಿತು.

ಜರ್ಮೀನಾಳ ಬೀದಿಯ ಮೂಲೆಯಲ್ಲಿ ತಂದೂರಿನಲ್ಲಿ ರೊಟ್ಟಿ ಸುಡುವವನೊಬ್ಬ ಇದ್ದ. ಪಾಪ, ಅವನಿಗೆ ಪಾಠ ಗೀಠ ಏನೂ ಗೊತ್ತಿಲ್ಲ. ದಿನಾ ಅದೇ ಹೊತ್ತಿಗೆ ಯಾವುದೋ ಗೋಡೆಯಾಚೆಯಿಂದ ಬರುತ್ತಿದ್ದ ಆ ರಾಗ ಅವನ ಬಾಯಿಗೆ ಹತ್ತಿಕೊಂಡಿತ್ತು. ಹಿಟ್ಟು ತಟ್ಟುತ್ತ ಗುನುಗುತ್ತಿದ್ದ. ಧರ್ಮಾಚರಣೆ ನೋಡಿಕೊಳ್ಳುವ ಇಲಾಖೆಯ ಗಂಡಸರು ಬಿಳಿ ನಿಲುವಂಗಿ ತೊಟ್ಟು ಬೀದಿ ಸುತ್ತುತ್ತಾರೆ. ಅವರು ನಿಂತು, ಈ ಹಾಡು ಎಲ್ಲಿ ಕಲಿತೆ ಎಂದು ಕೇಳಿದರು. ಹೊಡೆದರು. ಅವನು ಬೀದಿಯ ಕಡೆ ಕೈ ತೋರಿಸಿದ. ಅವನನ್ನು ದೂರುವುದಿಲ್ಲ ನಾನು. ಮನೆ ಮನೆ ಹುಡುಕುವಷ್ಟರಲ್ಲಿ ಜರ್ಮೀನಾ ಹುಡುಗಿಯರನ್ನು ಮಾಳಿಗೆಯಿಂದ ಮಾಳಿಗೆಗೆ ದಾಟಿಸಿ, ರೇಡಿಯೊವನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಳು. ಆ ಸಲ ಪಾರಾದಳು. ರೊಟ್ಟಿಯವನ ಬಲಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲವಂತೆ.

ಮರುದಿನದ ಸಭೆಯಲ್ಲಿ ನಸೀಮಾ, ಟ್ಯೂನ್ ತೆಗೆಯಿರಿ ಅಂದಳು. ಗ್ರೆಗ್ ಕೆಟ್ಟವನಲ್ಲ, ಆದರೆ ಆಫೀಸಿನ ಮನುಷ್ಯ. ಟ್ಯೂನ್ ಇಲ್ಲದಿದ್ದರೆ ಜನ ನಮ್ಮನ್ನು ಹುಡುಕುವುದು ಹೇಗೆ, ಹಣ ಕೊಡುವವರಿಗೆ ಏನು ಹೇಳುವುದು ಎಂದು ಪೇಚಾಡಿದ. ನಮ್ಮ ಭದ್ರತಾ ಸಲಹೆಗಾರ ಒಂದು ಉಪಾಯ ಹೇಳಿದ. ಮೊದಲಿಗೆ ಕುರಾನ್ ಪಠಣ ಹಾಕೋಣ, ಹೊರಗಿನವರಿಗೆ ಯಾವುದೋ ಧಾರ್ಮಿಕ ಕಾರ್ಯಕ್ರಮ ಅನ್ನಿಸುತ್ತದೆ, ಅದರ ಮರೆಯಲ್ಲಿ ಪಾಠ ನಡೆಸೋಣ ಎಂದ.

ನಸೀಮಾಳ ಮುಖ ಬಿಳಿಚಿಕೊಂಡಿತು. "ಅದು ನಿಮಗೆ ಪರದೆ. ನನಗೆ ಪ್ರಾರ್ಥನೆ" ಅಂದಳು. "ಅವರೂ ಅದನ್ನೇ ಮಾಡ್ತಿರೋದು, ತಮಗೆ ಬೇಕಾದ್ದನ್ನ ಅದರ ಹಿಂದೆ ಬಚ್ಚಿಟ್ಕೊಂಡು ಆಳ್ತಿರೋದು. ಬೇಕಿದ್ರೆ ನಾನೇ ಪಠಿಸ್ತೀನಿ, ನನ್ನ ದನೀಲಿ. ಹೆಂಗಸಿನ ದನಿ ಕೇಳಿದ ಕೂಡ್ಲೇ ಅವರಿಗೆ ಗೊತ್ತಾಗತ್ತೆ. ಆಗ ನಿಮ್ಮ ಪರದೆ ಎಲ್ಲಿರತ್ತೆ?"

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಇಲ್ಲಿನ ನಮ್ಮ ಜನ ಊಟದ ಮೇಜಿನಲ್ಲಿ ಎಷ್ಟೋ ಸಲ ನನ್ನ ಹತ್ತಿರ, "ಬಿಡ್ರೀ, ಅವರ ಧರ್ಮಾನೇ ಹಂಗೆ, ನಿಮಗ್ಯಾಕೆ ಉಸಾಬರಿ?" ಅಂದಿದ್ದಾರೆ. ಐದು ಹೊತ್ತೂ ನಮಾಜು ಮಾಡುವ, ರಂಜಾನಿನಲ್ಲಿ ನೀರೂ ಮುಟ್ಟದೆ ಪಾಠ ಓದುವ ನಸೀಮಾಳನ್ನು ನೋಡಿದ ಮೇಲೆ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ದೇವರ ಹೆಸರಲ್ಲಿ ಆಳುವವರು ಮೊದಲು ಬಾಯಿ ಮುಚ್ಚಿಸುವುದು ಅದೇ ದೇವರನ್ನು ನಂಬಿದವರದು. ಯಾವ ದೇಶವೂ ಇದಕ್ಕೆ ಹೊರತಲ್ಲ ಎಂದು ಮಾತ್ರ ಹೇಳಿ ಸುಮ್ಮನಾಗುತ್ತೇನೆ.

ಕೊನೆಗೆ ಟ್ಯೂನ್ ಹೋಯಿತು. ಅದರ ಜಾಗಕ್ಕೆ ಏನೂ ಬರಲಿಲ್ಲ. ಒಂದು ಮಾತ್ರ ನಾನು ಯಾರನ್ನೂ ಕೇಳದೆ ಮಾಡಿದೆ. ನಸೀಮಾ ಪಾಠ ಶುರು ಮಾಡುವ ಮುಂಚೆ ಉಸಿರಿನೊಳಗೆ ಬಿಸ್ಮಿಲ್ಲಾ ಅನ್ನುತ್ತಿದ್ದಳು. ಅದುವರೆಗೆ ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಜೊತೆ ಅದನ್ನೂ ಕತ್ತರಿಸಿ ಹಾಕುತ್ತಿದ್ದೆ. ಅವತ್ತಿನಿಂದ ಬಿಟ್ಟೆ. ಗಮನವಿಟ್ಟು ಕೇಳಿದವರಿಗಷ್ಟೇ ಕೇಳಿಸುವಷ್ಟು ಮೆಲ್ಲಗೆ ಅದು ಇರುತ್ತಿತ್ತು.

ಟ್ಯೂನ್ ಇಲ್ಲದೆ ಹುಡುಗಿಯರು ನಮ್ಮನ್ನು ಹುಡುಕುವುದು ಹೇಗೆ ಎಂಬ ಗ್ರೆಗ್‌ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಜರ್ಮೀನಾ. ಶಾರ್ಟ್‌ವೇವ್‌ನಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಮುಳ್ಳು ಇಟ್ಟರೆ ಮರಳು ಸುರಿದಂತೆ ಸುಯ್ಯೆಂದು ಒಂದೇ ಸಮನೆ ಸದ್ದು ಬರುತ್ತದೆ. ಟ್ರಾನ್ಸ್‌ಮಿಟರ್ ಚಾಲೂ ಆದ ಕ್ಷಣ, ಇನ್ನೂ ಯಾರೂ ಮಾತಾಡದಿದ್ದರೂ, ಆ ಸದ್ದು ಅಡಗುತ್ತದೆ. ಮಾತಿಲ್ಲದ ಬರೀ ಅಲೆ ಬಂದು ಅದನ್ನು ಮುಚ್ಚುತ್ತದೆ. "ಮರಳಿನ ಸದ್ದು ನಿಂತ ಕೂಡ್ಲೇ ನೀವು ಬಂದ್ರಿ ಅಂತ ಹುಡುಗಿಯರಿಗೆ ಗೊತ್ತಾಗತ್ತೆ, ವಾಲ್ಯೂಮ್ ಇಳಿಸಿ ಹತ್ತಿರ ಕೂರ್ತಾರೆ" ಎಂದು ಹೇಳಿ ಕಳಿಸಿದಳು. ಅಂದಿನಿಂದ ಪಾಠಕ್ಕೆ ಸ್ವಲ್ಪ ಮುಂಚೆಯೇ ಬರೀ ಅಲೆ ಹೋಗುವಂತೆ ಏರ್ಪಾಡು ಮಾಡಿದೆವು. ಮೌನವನ್ನು ಕಂಡರೆ ಬೆದರುತ್ತಿದ್ದ ನಾನು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದನ್ನೇ ಕೇಳುತ್ತ ಕೂರುತ್ತಿದ್ದೆ. ಆ ಪ್ರದೇಶದ ಹತ್ತಿರ ಯಾರೋ ಹವ್ಯಾಸಿಗಳು ಇಟ್ಟ ರೇಡಿಯೊವನ್ನು ಇಂಟರ್‌ನೆಟ್ ಮೂಲಕ ಕೇಳಬಹುದಿತ್ತು. ಸುಯ್ಯೆನ್ನುವುದು ನಿಂತ ತಕ್ಷಣ, ಹಾಂ, ಈಗ ಹತ್ತಿರ ಕೂತರು ಅಂದುಕೊಳ್ಳುತ್ತಿದ್ದೆ.

ಆಮೇಲೆ, ಹೆಂಗಸಿನ ದನಿ ಮನೆಯ ಹೊರಗೆ ಕೇಳಿಸಬಾರದು ಎಂಬ ಕಾನೂನು ಬಂತು. ಅದಾಗಿ ಕೆಲವೇ ದಿನಗಳಲ್ಲಿ ಜರ್ಮೀನಾಳ ಸಂದೇಶ ನಿಂತಿತು. ಫೋನ್ ಕೆಟ್ಟಿರಬೇಕು ಅಂದುಕೊಂಡೆವು. ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುತ್ತಾರೆ. ವಾರ ಕಳೆದು ಒಬ್ಬ ನೆಂಟರಿಂದ ಸುದ್ದಿ ಬಂತು. ಪಾಠದ ಹೊತ್ತಿಗೇ ಬಂದಿದ್ದರಂತೆ. ಹುಡುಗಿಯರನ್ನು ಬೆದರಿಸಿ ಮನೆಗೆ ಅಟ್ಟಿ, ಜರ್ಮೀನಾಳನ್ನೂ ರೇಡಿಯೊವನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಹೋದರಂತೆ. ಎಲ್ಲಿಗೆ ಎಂದು ಕೇಳಲು ಹೋದ ಅಣ್ಣನನ್ನೂ ಎರಡು ದಿನ ಕೂಡಿಹಾಕಿದರಂತೆ.

ಮರುದಿನ ನಸೀಮಾ ಬರುವುದಿಲ್ಲ ಎಂದುಕೊಂಡು ಹಳೆಯ ಪಾಠವೊಂದನ್ನು ತೆಗೆದಿಟ್ಟಿದ್ದೆ. ಹೊತ್ತಿಗೆ ಸರಿಯಾಗಿ ಬಂದಳು. ಕೋಟು ತೆಗೆದು ಕುರ್ಚಿಗೆ ಹಾಕಿ ಮೈಕಿನ ಮುಂದೆ ಕೂತಳು.

"ಬೇಡ ಕಣೇ, ಇವತ್ತು ಬೇಡ" ಅಂದೆ. ಅಷ್ಟು ಹೊತ್ತಿಗೆ ಹಿಂದಿ ಮರೆತು ಕನ್ನಡದಲ್ಲೇ ಅಂದಿದ್ದೆ.

ಅವಳಿಗೆ ಅರ್ಥವಾಯಿತು. "ಯಾವುದಾದ್ರೂ ಕೋಣೆಯಲ್ಲಿ ಅವಳಿಗೆ ಕೇಳಿಸಬಹುದು ಖಾಲಾ. ಜೈಲಿನ ಕಾವಲುಗಾರರ ಹತ್ರಾನೂ ರೇಡಿಯೊ ಇರತ್ತೆ" ಅಂದಳು.

ಅಂದು ಭಿನ್ನರಾಶಿಯ ಪಾಠ. ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಮೂರು ಕೊಟ್ಟರೆ ಉಳಿದದ್ದೆಷ್ಟು ಎಂಬಲ್ಲಿ ಅವಳ ದನಿ ಒಡೆಯಿತು. ಮತ್ತೆ ಹೇಳಿದಳು, ಮತ್ತೆ ಒಡೆಯಿತು. "ಅತ್ತದ್ದು ಕೇಳಿಸಬಾರದು, ಮಕ್ಕಳು ಹೆದರ್ತಾರೆ" ಅಂದಳು. ಆ ಇಡೀ ಬೆಳಿಗ್ಗೆ ನಾನು ಅವಳ ಅಳುವನ್ನು ಕತ್ತರಿಸುತ್ತ ಕೂತೆ. ಇಷ್ಟು ವರ್ಷದ ವಿದ್ಯೆ ಇದಕ್ಕೆ ಬಂತಲ್ಲ. ಮರುದಿನ ಪ್ರಸಾರವಾದ ಪಾಠದಲ್ಲಿ ಅವಳು ಶಾಂತವಾಗಿ ರೊಟ್ಟಿ ಹಂಚುತ್ತಿದ್ದಳು.

ಜರ್ಮೀನಾಳ ಸುದ್ದಿ ಮತ್ತೆ ಬರಲಿಲ್ಲ. ಎಲ್ಲೆಲ್ಲಿಗೋ ಅರ್ಜಿ ಬರೆದೆವು. ಅರ್ಜಿ ಬರೆಯುವುದು ಹೇಗೆ ಎಂದು ನಾವೇ ದೇಶದೇಶಗಳಿಗೆ ಕಲಿಸಿದವರಲ್ಲವೇ? ಒಂದಕ್ಕೂ ಉತ್ತರವಿಲ್ಲ. ಇತ್ತ ನಮ್ಮ ಬಾಗಿಲಿಗೂ ಬೀಗ ಬಿತ್ತು. ವಾಷಿಂಗ್ಟನ್ನಿನಲ್ಲಿ ಹೊಸ ಸರ್ಕಾರ ಬಂದು ಗಾಳಿ ಬದಲಾಯಿತು, ನಮಗೆ ಬರುತ್ತಿದ್ದ ಹಣ ನಿಂತಿತು. ಗ್ರೆಗ್ ಎಲ್ಲರನ್ನೂ ಕರೆದು ಕಣ್ಣೊರೆಸಿಕೊಳ್ಳುತ್ತ ವಿಷಯ ಹೇಳಿದ. ಟ್ರಾನ್ಸ್‌ಮಿಟರ್ ಬಾಡಿಗೆ ಆ ವಾರದ ಕೊನೆಗೆ ಮುಗಿಯುತ್ತಿತ್ತು.

ಕೊನೆಯ ಪಾಠದ ದಿನ ನಾನೂ ನಸೀಮಾಳೂ ಜಗಳವಾಡಿದೆವು. ಕೇಳುಗರಿಗೆ ಹೇಳದೆ ಹೋಗಬಾರದು ಎಂಬುದು ನನ್ನ ಹಟ. ಶ್ರೀಕಂಠಯ್ಯನವರೇ ಮೈಮೇಲೆ ಬಂದಂತೆ ವಾದಿಸಿದೆ.

"ಹೇಳಿದ್ರೆ ಅವರಿಗೂ ಕೇಳಿಸತ್ತೆ ಖಾಲಾ. ಜರ್ಮೀನಾನ ಹಿಡಿದವರಿಗೆ. ತಾವು ಗೆದ್ವಿ ಅಂತ ನನ್ನ ಬಾಯಿಂದಾನೇ ಅವರು ಕೇಳಬೇಕಾ?"

"ಮಕ್ಕಳು ಕಾಯ್ತಾ ಕೂರ್ತಾರಲ್ಲೇ?"

"ಕಾಯೋದು ಅವರಿಗೆ ಗೊತ್ತು" ಅಂದಳು. ನಾನು ಎದ್ದು ಮೈಕಿನ ಮಟ್ಟ ನೋಡಿದೆ.

ಅಂದು ಮಾತ್ರ ರೆಕಾರ್ಡ್ ಮಾಡದೆ ನೇರ ಪ್ರಸಾರದಲ್ಲೇ, ಎಂದಿನಂತೆ ಪಾಠ ಮಾಡಿದಳು. ಕೊನೆಯಲ್ಲಿ ಎಂದಿನಂತೆ ಮನೆಕೆಲಸ ಕೊಟ್ಟಳು, ಎರಡು ಲೆಕ್ಕ. ನಾಳೆ ಉತ್ತರ ನೋಡೋಣ ಎಂದು ಮಾತ್ರ ಈ ಸಲ ಹೇಳಲಿಲ್ಲ. ಪಾಠ ಬೇಗ ಮುಗಿದಿತ್ತು, ಬಾಡಿಗೆಯ ಹೊತ್ತು ಇನ್ನೂ ಉಳಿದಿತ್ತು. ನನ್ನ ಆ ಎಡವಟ್ಟಾದ ಮೇಲೆ, ಪಾಠದ ಹೊತ್ತಿನಲ್ಲಿ ಮೌನ ಬಂದರೆ ಟ್ರಾನ್ಸ್‌ಮಿಟರ್‌ನವರು ತಾವಾಗಿ ಏನಾದರೂ ವಾದ್ಯ ಹಾಕಿಬಿಡುತ್ತಿದ್ದರು. ನಾನು ಮೊದಲೇ ಅಲ್ಲಿನ ಆಪರೇಟರ್‌ಗೆ ಫೋನ್ ಮಾಡಿ, ಇವತ್ತು ಏನೂ ಹಾಕಬೇಡಿ, ಹೊತ್ತು ಮುಗಿಯುವವರೆಗೆ ಬರೀ ಅಲೆ ಬಿಡಿ ಎಂದು ಕೇಳಿಕೊಂಡಿದ್ದೆ. ಏನು ಎತ್ತ ಎಂದು ಕೇಳದೆ ಒಪ್ಪಿದ, ಪುಣ್ಯಾತ್ಮ. ನಾವಿಬ್ಬರೂ ಹೆಡ್‌ಫೋನ್ ಹಾಕಿಕೊಂಡು, ಹವ್ಯಾಸಿಗಳ ಆ ರೇಡಿಯೊ ಮೂಲಕ ಆ ಮೌನ ಕೇಳುತ್ತ ಕೂತೆವು. ಕೆಳಗಿನ ಅಂಗಡಿಯ ಇಸ್ತ್ರಿಯ ಹಬೆ ಗೋಡೆಯೊಳಗೆ ಬುಸುಗುಡುತ್ತಿತ್ತು. ಆಮೇಲೆ ಸುಯ್ಯೆನ್ನುವ ಮರಳಿನ ಸದ್ದು ಬಂತು. ನಾನು ಧ್ವನಿಯ ಮಟ್ಟದ ಫೇಡರ್ ಇಳಿಸಿದೆ. ನನ್ನ ವೃತ್ತಿ ಅಲ್ಲಿಗೆ ಮುಗಿಯಿತು.

ಕ್ಯಾರಿಗೆ ಮಗಳ ಮನೆಯ ಹತ್ತಿರ ಬಂದುಬಿಟ್ಟೆ. ಕೆಲವು ತಿಂಗಳ ಮೇಲೆ ನಸೀಮಾ ಸೆಂಟರ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ನೋಡಲು ಬಂದಳು. ಚಹಾ ಕುಡಿಯಲಿಲ್ಲ. ಫೋನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಗುರುತಿಲ್ಲದ ನಂಬರಿನಿಂದ ಬಂದ ಒಂದು ಧ್ವನಿ ಸಂದೇಶ ಒತ್ತಿದಳು.

ಮೊದಲು ಸುಯ್ಯೆನ್ನುವ ಸದ್ದು. ಖಾಲಿ ಶಾರ್ಟ್‌ವೇವ್. ನನಗೆ ತಪ್ಪುವ ಸದ್ದಲ್ಲ ಅದು. ಯಾರೋ ರೇಡಿಯೊ ಹಾಕಿಕೊಂಡು ನಮ್ಮ ಜಾಗದಲ್ಲಿ ಮುಳ್ಳು ಇಟ್ಟು ಕೂತಿದ್ದಾರೆ. ಆಮೇಲೆ ತೀರ ಹತ್ತಿರದಿಂದ ಒಬ್ಬ ಹುಡುಗಿಯ ಪಿಸುದನಿ. "ಒಂದೂ, ಎರದೂ, ಮೂರೂ, ನಾಲ್ಕೂ, ಐದೂ, ಆರೂ, ಏಳೂ." ಅಲ್ಲಿಗೆ ನಿಲ್ಲಿಸಿದಳು, ನಾನು ನಿಲ್ಲಿಸಿದ್ದ ಕಡೆ. ಫೋನ್ ಯಾರ ಕೈಗೆ ಸಿಕ್ಕರೂ ಅರ್ಥವಾಗದ, ನಮಗೆ ಮಾತ್ರ ಅರ್ಥವಾಗುವ ಮಾತು. ಮತ್ತೆ ಮರಳಿನ ಸದ್ದು, ತುಂಬಾ ಹೊತ್ತು. ಜರ್ಮೀನಾಳ ಬಗ್ಗೆ ಒಂದು ಮಾತೂ ಇಲ್ಲ.

"ಹೊಸ ರೇಡಿಯೊ ಸಿಕ್ಕಿದೆ ಅವರಿಗೆ" ಅಂದಳು ನಸೀಮಾ. "ಇನ್ನೂ ಕೂರ್ತಿದ್ದಾರೆ ಖಾಲಾ."

ಗುರುತಿಲ್ಲದ ನಂಬರಿಗೆ ಉತ್ತರ ಕಳಿಸಬಾರದು ಎಂಬ ನಿಯಮ ಮಾಡಿದವರು ನಾವೇ. ನಮ್ಮ ಉತ್ತರ ಅವರ ಫೋನಿನಲ್ಲಿ ಉಳಿದು, ಬೀದಿಯ ತಪಾಸಣೆಯಲ್ಲಿ ಸಿಕ್ಕಿದರೆ ಆ ಹುಡುಗಿಯ ಕಥೆ ಮುಗಿದಂತೆ. ಹೇಳಲು ಇದ್ದ ಒಂದೇ ದಾರಿ ಆ ಅಲೆ, ಅದು ಈಗ ನಮ್ಮದಲ್ಲ.

"ಏಳರ ಮುಂದೆ ಏನು?" ನಸೀಮಾ ಕೇಳಿದಳು.

"ಎಂಟು" ಅಂದೆ.

"ಎಂಟು" ಅಂದಳು ಅವಳು, ಮೈಕಿನ ಮುಂದೆ ಅನ್ನುವಂತೆ ಸ್ಪಷ್ಟವಾಗಿ. ಆಮೇಲೆ ನಿಯಮದಂತೆ ಆ ಸಂದೇಶವನ್ನು ಅಳಿಸಿಹಾಕಿದಳು.